ಒಡೆಟಮ್ಮನ ಹುಲ್ಲುಗಾವಲಿನ ಗೇಟು

ಮೊದಲ ದಿನ ಇಪ್ಪತ್ತು ಕಿಲೋಮೀಟರು ಸೈಕಲ್ ತುಳಿದೆ. ಒಂದು ಹಾರನ್ ಕೇಳಲಿಲ್ಲ, ಒಂದು ಆಟೋ ಅಡ್ಡ ಬರಲಿಲ್ಲ, "ಮನೇಲಿ ಹೇಳ್ಬುಟ್ಟು ಬಂದಿದ್ದೀಯೇನಮ್ಮ" ಎಂದು ಯಾರೂ ಬೈಯಲಿಲ್ಲ. ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ಕಿವಿಯೇ ಕೆಟ್ಟಿತೇನೋ ಎಂದು ಅನುಮಾನ ಬಂತು. ಇಳಿದು ನಿಂತು ನನ್ನ ಬೆಲ್ಲನ್ನು ನಾನೇ ಬಾರಿಸಿ ನೋಡಿದೆ. ಕೇಳಿಸಿತು. ಗುಡ್ಡದಾಚೆ ಎಲ್ಲೋ ಒಂದು ನಾಯಿ ಬೊಗಳಿತು, ಅಷ್ಟೇ.

ನಾನು ಸರ್ವಮಂಗಳಾ. ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಅಪ್ಪ ಇಟ್ಟಿದ್ದ ಸೈಕಲ್ ಷಾಪನ್ನು ಅವರ ನಂತರ ಹದಿನಾರು ವರ್ಷ ನಡೆಸಿದವಳು. "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುತ್ತ ಬಂದವರಿಗೆ "ನಾನೇ ಕಣ್ರೀ, ಏನಾಗಿದೆ ಹೇಳಿ" ಎನ್ನುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆಯಿತು. ಯೋಗ ಕಲಿಯಲೆಂದು ಮೈಸೂರಿಗೆ ಬಂದು ಮೂರು ಚಳಿಗಾಲ ನನ್ನ ಷಾಪಿನಿಂದ ಸೈಕಲ್ ಬಾಡಿಗೆಗೆ ಒಯ್ದಿದ್ದ ಕ್ಲೇರ್ ಎಂಬ ಫ್ರೆಂಚ್ ಹೆಂಗಸು, ತನ್ನ ಊರಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ತೆರೆದಾಗ ನನ್ನನ್ನು ಕರೆದಳು. ಷಾಪನ್ನು ಮೊಬೈಲ್ ಕವರ್ ಮಾರುವವರಿಗೆ ಬಿಟ್ಟುಕೊಟ್ಟು, ಅವ್ವನನ್ನು ಶ್ರೀರಾಂಪುರದ ತಂಗಿ ಸುಮಾಳ ಮನೆಗೆ ಕಳಿಸಿ, ನಲವತ್ತೊಂದನೆಯ ವಯಸ್ಸಿನಲ್ಲಿ ವಿಮಾನ ಹತ್ತಿದೆ.

ಊರು ಫ್ರಾನ್ಸಿನ ನಡುಭಾಗದ ಗುಡ್ಡಗಾಡಿನಲ್ಲಿದೆ. ನಮಗೆ ಬೆಟ್ಟ ಎಂದರೆ ಚಾಮುಂಡಿ ಬೆಟ್ಟ ಒಂದೇ. ಇಲ್ಲಿ ಯಾವ ಕಿಟಕಿ ತೆರೆದರೂ ಬೆಟ್ಟ. ಅವುಗಳ ನಡುವೆ ಹಿಂದೆ ರೈಲು ಓಡುತ್ತಿತ್ತಂತೆ. ಈಗ ಕಂಬಿ ಕಿತ್ತು ಸಣ್ಣ ಜಲ್ಲಿ ಹಾಸಿ, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಬಿಟ್ಟಿದ್ದಾರೆ. 'ವ್ವಾ ವೆರ್ತ್' ಎನ್ನುತ್ತಾರೆ, ಹಸಿರು ದಾರಿ ಎಂದು ಅರ್ಥ. ಮೋಟಾರು ಇರುವ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಅದರಲ್ಲಿ ಓಡಿಸಲು ಬೇರೆಯದೇ ಸೈಕಲ್ಲುಂಟು: ಹ್ಯಾಂಡಲ್ ಟಗರಿನ ಕೊಂಬಿನಂತೆ ಬಾಗಿರುತ್ತದೆ, ಟೈರು ಮಾತ್ರ ಹಾಲಿನವರ ಸೈಕಲ್ಲಿನಷ್ಟು ದಪ್ಪ. ಗ್ರಾವೆಲ್ ಬೈಕ್ ಎಂದು ಅದರ ಹೆಸರು. ನಾನು ಜಲ್ಲಿ ಸೈಕಲ್ ಎನ್ನುತ್ತೇನೆ. ಎರಡೇ ವಾರದಲ್ಲಿ ಅದರ ಮೇಲೆ ಕೂತು ಏರಿನಲ್ಲಿ ಕ್ಲೇರಳನ್ನು ಹಿಂದೆ ಹಾಕಿದೆ. ಇದನ್ನು ಅವಳು ಇಂದಿಗೂ ಒಪ್ಪುವುದಿಲ್ಲ.

ಅಂಗಡಿ ಹಳೆಯ ರೈಲು ನಿಲ್ದಾಣದಲ್ಲೇ ಇದೆ, ನನ್ನ ಕೋಣೆ ಅದರ ಮೇಲೆ. ಗೋಡೆ ಒಂದು ಮೊಳ ದಪ್ಪ, ಮೇ ತಿಂಗಳಲ್ಲೂ ಸ್ವೆಟರ್ ಬಿಚ್ಚುವ ಹಾಗಿಲ್ಲ. ಊಟಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ. ಈ ಸೀಮೆಯಲ್ಲಿ ಹಸಿರು ಬಣ್ಣದ ಚನ್ನಂಗಿ ಬೇಳೆ ಬೆಳೆಯುತ್ತಾರೆ, ಅದರಲ್ಲಿ ಸಾರು ಚೆನ್ನಾಗಿಯೇ ಆಗುತ್ತದೆ, ಕರಿಬೇವು ಒಂದಿಲ್ಲ. ನಾನು ಮಾಂಸ ತಿನ್ನುವುದಿಲ್ಲ ಎಂದರೆ "ಹಂದಿಯದ್ದು ತೆಳ್ಳಗೆ ಒಂದು ಚೂರು?" ಎಂದು ಸಮಾಧಾನ ಮಾಡುವವರಿದ್ದಾರೆ. ಕಷ್ಟವಾಗಿದ್ದು ಭಾನುವಾರಗಳು. ಎಲ್ಲ ಅಂಗಡಿಗೂ ಬೀಗ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸೈಕಲ್ಲುಗಳ ಜೊತೆ ಕನ್ನಡದಲ್ಲಿ ಮಾತಾಡಿಕೊಂಡು ಪಂಕ್ಚರ್ ಹಾಕುತ್ತಿದ್ದೆ. ಮೊದಲ ತಿಂಗಳು ಎರಡು ಸಲ ಅತ್ತೆ, ಸುಳ್ಳೇಕೆ ಹೇಳಲಿ.

ದಾರಿಯ ಶಿಷ್ಟಾಚಾರವೂ ಹೊಸದು. ನಮ್ಮಲ್ಲಿ ಬೆಲ್ಲು ಹೊಡೆಯುವುದು ಮರ್ಯಾದೆ, ಹಿಂದೆ ಬರುತ್ತಿದ್ದೇನೆ ಎಂದು ತಿಳಿಸಿದ ಹಾಗೆ. ಇಲ್ಲಿ ನಡೆಯುವವರ ಬೆನ್ನ ಹಿಂದೆ ಬೆಲ್ಲು ಹೊಡೆದರೆ ಮುಖ ಗಂಟಿಕ್ಕುತ್ತಾರೆ. ನಿಧಾನಿಸಿ 'ಬೊಂಜೂರ್' ಎನ್ನಬೇಕು, ಅಂದರೆ ನಮಸ್ಕಾರ. ಅದನ್ನು ಬೇಗ ಕಲಿತೆ. ಕಲಿಯಬೇಕಾದ ಇನ್ನೊಂದು ಇದೆ ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ನಮ್ಮ ಗಿರಾಕಿಗಳು ಸುತ್ತುವ ದಾರಿ ಒಂದು ಕಡೆ ರೈಲು ಹಾದಿ ಬಿಟ್ಟು, ಒಡೆಟ್ ಎಂಬ ಎಪ್ಪತ್ತರ ಹತ್ತಿರದ ರೈತ ಹೆಂಗಸಿನ ಹುಲ್ಲುಗಾವಲಿನ ಮೂಲಕ ಹೊಳೆಗೆ ಇಳಿಯುತ್ತದೆ. ಜಮೀನು ಅವರದು. ಗೇಟು ಮುಚ್ಚಿ ಹೋಗುವುದಾದರೆ ಹೋಗಿ ಎಂದು ಬಾಯಿಮಾತಿನಲ್ಲಿ ಬಿಟ್ಟಿದ್ದರು. ಹದಿನಾಲ್ಕು ಹಸು, ಎಲ್ಲವೂ ಕೆಂದು ಬಣ್ಣದವು, ಒಂದೊಂದರ ಕಿವಿಯಲ್ಲೂ ನಂಬರಿನ ಬಿಲ್ಲೆ. ಮನಸ್ಸಿನಲ್ಲೇ ಅವರಿಗೆ ಒಡೆಟಮ್ಮ ಎಂದು ಹೆಸರಿಟ್ಟಿದ್ದೆ.

ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ದಾರಿಯಲ್ಲಿ ಮರದ ಕೊಂಬೆ ಏನಾದರೂ ಬಿದ್ದಿದೆಯೇ ನೋಡಲು ಹೊರಟೆ. ಹುಲ್ಲುಗಾವಲು ದಾಟಿದಾಗ ಆಚೆಯ ಗೇಟು ತೆರೆದಿತ್ತು. ಹಿಂದಿನ ದಿನದ ಗಿರಾಕಿಗಳನ್ನು ಬೈದುಕೊಂಡು, ಹೊರಗೆ ಬಂದು, ಭದ್ರವಾಗಿ ಮುಚ್ಚಿ ಚಿಲಕ ಹಾಕಿದೆ. ಮುಂದಿನ ತಿರುವಿನಲ್ಲಿ ನಾಲ್ಕು ಹಸುಗಳು ದಾರಿಗಡ್ಡ ನಿಂತಿದ್ದವು. "ಹೊಯ್, ಸರಿ ಅತ್ಲಾಗೆ" ಎಂದು ಒಂದರ ಬೆನ್ನು ತಟ್ಟಿದೆ, ಕೈಯನ್ನು ಕಣ್ಣಿಗೊತ್ತಿಕೊಂಡೆ, ಸಂದಿಯಲ್ಲಿ ಸೈಕಲ್ ತೂರಿಸಿಕೊಂಡು ಮುಂದೆ ಹೋದೆ. ಮೈಸೂರಿನ ಮಾರ್ಕೆಟ್ಟಿನ ಮುಂದೆ ಇಷ್ಟು ವರ್ಷ ಇನ್ನೇನು ಮಾಡಿದ್ದೇನೆ? ಅಂಗಡಿಗೆ ಬಂದು ಕಾಫಿ ಕುಡಿದೆ. ಹಸುವಿನ ವಿಷಯ ಹೇಳುವಂಥದ್ದು ಎಂದು ತೋಚಲೇ ಇಲ್ಲ.

ಮಧ್ಯಾಹ್ನ ಒಡೆಟಮ್ಮ ಬಂದರು. ಬೂಟಿನ ತುಂಬ ಕೆಸರು. ನನ್ನ ಫ್ರೆಂಚ್ ಆಗ ಬ್ರೇಕು, ಚೈನು, ಸೀಟಿನಾಚೆ ದಾಟಿರಲಿಲ್ಲ, ಕ್ಲೇರ್ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

"ಬೆಳಿಗ್ಗೆ ನನ್ನ ಹಸುಗಳನ್ನು ನೋಡಿದಿರಂತೆ, ಪಕ್ಕದ ಹೊಲದವರು ಹೇಳಿದರು."

"ನೋಡಿದೆ."

"ಮತ್ತೆ?"

"ಮತ್ತೇನು, ಚೆನ್ನಾಗಿದ್ದವು."

"ಗೇಟು ಮುಚ್ಚಿದ್ದು ಯಾರು?"

"ನಾನೇ," ಎಂದೆ, ಹೆಮ್ಮೆಯಿಂದಲೇ.

ಕ್ಲೇರ್ ಕಣ್ಣು ಮುಚ್ಚಿಕೊಂಡಳು. ಹಸುಗಳು ಹೊರಗಿದ್ದಾಗ ನಾನು ಗೇಟು ಹಾಕಿದ್ದೆ. ಒಳಗೆ ಬರಲಾಗದೆ ಅವು ಡಾಂಬರು ರಸ್ತೆಯವರೆಗೆ ಇಳಿದಿದ್ದವು. ಮಾರ್ಗೆರಿತ್ ಎಂಬ ಹಸು ಮರ ಸಾಗಿಸುವ ಲಾರಿಗೆ ಬೆದರಿ ಚರಂಡಿಗೆ ಬಿದ್ದು ಕಾಲು ಸೀಳಿಕೊಂಡಿತ್ತು. ನಾನು ಸುಮ್ಮನಿರಬಹುದಿತ್ತು. ನಮ್ಮೂರಿನಲ್ಲಿ ಹಸುಗಳು ಬೀದಿಯಲ್ಲೇ ಇರುತ್ತವೆ, ಹಾಲು ಕರೆಯುವ ಹೊತ್ತಿಗೆ ತಾವೇ ಮನೆಗೆ ಹೋಗುತ್ತವೆ ಎಂದು ವಾದಿಸಿದೆ.

"ನಿಮ್ಮ ಹಸುಗಳಿಗೆ ರಸ್ತೆ ಗೊತ್ತು," ಎಂದರು ಒಡೆಟಮ್ಮ. "ನನ್ನವಕ್ಕೆ ಗೊತ್ತಿಲ್ಲ. ಸೋಮವಾರದಿಂದ ಗೇಟಿಗೆ ಬೀಗ."

ಅವರು ಹೋದ ಮೇಲೆ ಕ್ಲೇರ್ ನಿಧಾನವಾಗಿ ವಿವರಿಸಿದಳು. ಆ ಹುಲ್ಲುಗಾವಲಿಲ್ಲದಿದ್ದರೆ ನಮ್ಮ ದಾರಿ ಲಾರಿ ಓಡುವ ರಸ್ತೆಗೆ ಇಳಿಯಬೇಕು, ಜನ ಬರುವುದೇ ವಾಹನವಿಲ್ಲದ ದಾರಿಗೆ. ಅಂಗಡಿ ನಡೆಯದು, ನನ್ನನ್ನು ಇಟ್ಟುಕೊಳ್ಳಲು ಅವಳಿಗೆ ಆಗದು. ಮೈಸೂರಿನಲ್ಲಿ ನನಗೆ ಷಾಪೂ ಉಳಿದಿರಲಿಲ್ಲ.

ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ದನ ದಾರೀಲಿ ನಿಂತಿದ್ರೆ ನಿಂದೇನೇ ತಪ್ಪು? ಎಲ್ಲಾದ್ರೂ ನಿಲ್ಬೇಕಲ್ವಾ ಅವು?" ಎಂದಳು. ಆಮೇಲೆ, "ಕಾಲಿಗೆ ಬಾಳಾ ಏಟಾಗದಾ?" ಎಂದು ಕೇಳಿದಳು.

"ಹೊಲಿಗೆ ಹಾಕವ್ರಂತೆ."

"ಹೋಗಿ ನೋಡ್ಕಂಡ್ ಬಂದ್ಬುಡು ಮತ್ತೆ. ಬರಿಗೈಲಿ ಹೋಗ್ಬೇಡ. ವಾದ ಮಾಡ್ಬೇಡ ಕಣೇ, ಮೂಲೇಲಿ ಕೂತ್ಕಂಡ್ ಬಾ."

ನಮ್ಮಲ್ಲಿ ಆಸ್ಪತ್ರೆಗೆ ನೋಡಲು ಹೋಗುವಾಗ ಬ್ರೆಡ್ಡು, ಹಣ್ಣು ಒಯ್ಯುವುದಿಲ್ಲವೇ. ಶುಕ್ರವಾರ ಅದನ್ನೇ ಮಾಡಿದೆ. ಒಂದು ಬ್ರೆಡ್ಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಒಡೆಟಮ್ಮನ ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ಯಾರಿಗೆ ಎಂದು ಕೇಳಿದರು. ಮಾರ್ಗೆರಿತ್‌ಗೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ದಾರಿ ಬಿಟ್ಟರು. ಮಾರ್ಗೆರಿತ್ ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿಂದು, ಇನ್ನಷ್ಟಕ್ಕಾಗಿ ನನ್ನ ಜೇಬಿಗೆ ಮೂತಿ ಹಾಕಿತು. ಒಡೆಟಮ್ಮನ ಮುಖ ಸಡಿಲವಾಯಿತು. ನಾನು ಅವ್ವ ಹೇಳಿದಂತೆ ಹುಲ್ಲಿನ ಕಟ್ಟಿನ ಮೇಲೆ ಒಂದು ಗಂಟೆ ಸುಮ್ಮನೆ ಕೂತೆ. ಆಗ ಆ ಸೀಳಿದ ಕಾಲು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ತಪ್ಪಾಯಿತು ಎಂದು ನನಗೆ ಬಂದಷ್ಟು ಫ್ರೆಂಚಿನಲ್ಲಿ ಹೇಳಿದೆ.

ಮರಳುವಾಗ ಗೇಟಿನ ಹತ್ತಿರ ನಿಂತು ನೋಡಿದೆ. ಭಾರದ ಗೇಟು. ಸೈಕಲ್ ಹಿಡಿದವರಿಗೆ ಒಂದು ಕೈಯಲ್ಲಿ ಮುಚ್ಚಲಾಗದು, ಅರ್ಧಕ್ಕೆ ಬಿಟ್ಟು ಹೋಗುತ್ತಾರೆ. ಇದು ಮೆಕ್ಯಾನಿಕ್ ಕೆಲಸ, ನನ್ನ ಕೆಲಸ. ಮೈಸೂರಿನಲ್ಲಿ ಹಳೆಯ ಡಾಕ್ಟರೊಬ್ಬರ ಷಾಪಿನ ಬಾಗಿಲಿಗೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ತುದಿಗೆ ಕಲ್ಲು ತೂಗುಬಿಟ್ಟಿದ್ದರು. ಯಾರು ಬಂದು ಹೋದರೂ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಶನಿವಾರ ಒಡೆಟಮ್ಮನನ್ನು ಕೇಳಿಕೊಂಡು, ಮಕ್ಕಳ ಸೈಕಲ್ಲಿನ ಚಕ್ರವೊಂದರ ಟೈರು ತೆಗೆದು ಕಂಬಕ್ಕೆ ಬಿಗಿದೆ, ರಿಮ್ಮಿನ ಮೇಲೆ ಹಗ್ಗ ಹಾಯಿಸಿದೆ, ಸವೆದ ನಟ್ಟು ಬೋಲ್ಟು ತುಂಬಿದ ಡಬ್ಬವನ್ನು ತೂಗುಬಿಟ್ಟೆ. ಡಬ್ಬ ಮೊದಲು ಹಗುರವಾಯಿತು. ಆಮೇಲೆ ಭಾರವಾಗಿ ಗೇಟು ನನ್ನ ಮೊಣಕೈಗೇ ಬಡಿಯಿತು. ಭಾನುವಾರ ಸಂಜೆಗೆ ಹದಕ್ಕೆ ಬಂತು.

ಸೋಮವಾರ ಒಡೆಟಮ್ಮ ಬೀಗ ಹಿಡಿದೇ ಬಂದರು. ಗೇಟು ತೆರೆದು ಕೈ ಬಿಟ್ಟರು, ಅದು ಹೋಗಿ ಚಿಲಕಕ್ಕೆ ಕೂತಿತು. ಮೂರು ಸಲ ಬಿಟ್ಟು ನೋಡಿದರು. ಬೀಗವನ್ನು ಜೇಬಿಗೆ ಹಾಕಿಕೊಂಡು, ಕ್ಲೇರಳ ಮೂಲಕ, "ಒಂದು ಷರತ್ತು," ಎಂದರು. "ಹದಿನಾಲ್ಕೂ ಹಸುಗಳ ಹೆಸರು ಕಲಿಯಬೇಕು. ಒಂದು ಹೊರಗೆ ಕಂಡರೂ ಅಲ್ಲೇ ನಿಂತು, ಯಾವುದೆಂದು ಫೋನ್ ಮಾಡಬೇಕು. ನಾನು ಬರುವವರೆಗೆ ಅದನ್ನು ಬಿಟ್ಟು ಹೋಗಬಾರದು."

ಕಲಿತೆ. ನನ್ನ ಫ್ರೆಂಚ್ ಬೆಳೆದದ್ದೇ ಆ ಕೊಟ್ಟಿಗೆಯಲ್ಲಿ. ಅಂಗಡಿ ಉಳಿಯಿತು, ನಾನೂ ಉಳಿದೆ. ಎರಡು ಸಲ ಹೊರಗೆ ಬಂದ ಹಸುಗಳನ್ನು ಕಾದು ನಿಂತಿದ್ದೇನೆ, ಒಮ್ಮೆ ಮಳೆಯಲ್ಲಿ. ಈಗ ಊರಿನವರು ನನಗಿಂತ ಮೊದಲೇ ಬೊಂಜೂರ್ ಹೇಳುತ್ತಾರೆ.

ಚಳಿಗಾಲದಲ್ಲಿ ಅಂಗಡಿ ಮುಚ್ಚಿದಾಗ ಮೈಸೂರಿಗೆ ಬಂದೆ. ಅವ್ವನಿಗೆ ಸೇವಂತಿಗೆ ಕೊಳ್ಳಲು ದೇವರಾಜ ಮೊಹಲ್ಲಾಕ್ಕೆ ಹೋದೆ. ನಮ್ಮ ಷಾಪಿದ್ದ ಬೀದಿಯ ನಡುವೆ ಒಂದು ಬಿಳಿ ಹಸು ನಿಂತಿತ್ತು. ನನ್ನ ಕಾಲು ತಾನಾಗಿಯೇ ನಿಂತಿತು. ಕಿವಿಯಲ್ಲಿ ನಂಬರಿದೆಯೇ ನೋಡಿದೆ, ಇರಲಿಲ್ಲ. ಆಟೋಗಳು, ಸ್ಕೂಟರುಗಳು ಹಾರನ್ ಹೊಡೆಯುತ್ತ ಹಸುವನ್ನೂ ನನ್ನನ್ನೂ ಬಳಸಿಕೊಂಡು ಹೋಗುತ್ತಿದ್ದವು. ಹೊಸದಾಗಿ ಬಂದಿದ್ದ ಹೂವಿನವನೊಬ್ಬ ಮೊಳ ಹಾಕುತ್ತ ಕೂತಿದ್ದ. ಈ ಹಸು ಯಾರದು ಎಂದು ಕೇಳಿದೆ.

"ಯಾರ್ದಾದ್ರೆ ನಿಮಗೇನಮ್ಮ? ಅದು ಹೋಯ್ತದೆ, ನೀವು ಹೋಗಿ," ಎಂದ. ನಾನು ಕದಲದಿದ್ದುದನ್ನು ನೋಡಿ, "ಯಾವೂರಮ್ಮ ನಿಮ್ದು?" ಎಂದು ಕೇಳಿದ.

ನಾನು ಹುಟ್ಟಿ ಬೆಳೆದ ಮೊಹಲ್ಲಾದಲ್ಲಿ ಆ ಪ್ರಶ್ನೆ ನನಗೆ ಚುಚ್ಚಿತು.

"ಇದೇ ಬೀದಿ ಕಣಪ್ಪ," ಎಂದೆ. ನಿಜವನ್ನೇ ಹೇಳಿದೆ. ಆದರೂ ಅದರ ಯಜಮಾನ ಬರುವವರೆಗೆ ಹಸುವಿನ ಪಕ್ಕದಿಂದ ಅಲ್ಲಾಡಲಿಲ್ಲ.