ಶಿವಣ್ಣನ ಕುರಿಗಳ ರಕ್ತಪರೀಕ್ಷೆ

ಶಿವಣ್ಣ, ನಿಮ್ಮ ಮಟನ್ ಅಂಗಡಿಯನ್ನು ಮುಚ್ಚಿಸಿದ್ದು ರೋಗವಲ್ಲ, ನಾನು. ಬಾಪೂಜಿ ನಗರದ ನಮ್ಮ ಬೀದಿಗೆ ಆ ರೋಗವನ್ನು ತಂದವಳೂ ಬಹುಶಃ ನಾನೇ. ಈ ‘ಬಹುಶಃ’ದ ಹಿಂದೆ ಇಷ್ಟು ವರ್ಷ ಅಡಗಿದ್ದೆ.

ಪುಟ್ಟ ಹುಡುಗಿಯೊಬ್ಬಳ ಲಿವರಿನಿಂದ ನೀರು ತುಂಬಿದ ಗುಳ್ಳೆಯನ್ನು ಆಪರೇಷನ್ ಮಾಡಿ ತೆಗೆದ ವಾರ ಅದು. ಅವಳ ತಾಯಿ ಶರಣಮ್ಮ, ರಾಯಚೂರಿನಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಬಂದವಳು, ನನ್ನ ಕೈ ಹಿಡಿದು ಕೇಳಿದಳು: “ಅಕ್ಕಾರ, ಕುರಿ ಹೊಟ್ಯಾಗಿನ ಲಾಡಿಹುಳದಿಂದ ಬರ್ತದಂತ. ಯಾರ ಕುರಿರೀ?” ಅನ್ಯಾಯ ಕಂಡಲ್ಲಿ ಹೆಸರು ಹಿಡಿದು ಕೂಗುವುದೇ ನನ್ನ ಸಾರ್ವಜನಿಕ ಬದುಕಾಗಿತ್ತು. ನನಗೊಂದು ಹೆಸರು ಬೇಕಿತ್ತು. ಅಂಗಡಿಯ ಹಿಂದೆ ಕುರಿ ಕಟ್ಟುತ್ತಿದ್ದವರು ನೀವೊಬ್ಬರೇ.

ಪರಿಚಯದ ಪಶುವೈದ್ಯರನ್ನು ಕರೆತಂದೆ. ರಕ್ತ ತೆಗೆಯುವಾಗ ಕುರಿಗಳನ್ನು ನೀವೇ ಹಿಡಿದುಕೊಟ್ಟಿರಿ. “ಹಂಗೇ ಶುಗರ್ರೂ ನೋಡ್ಬಿಡಿ ಸಾರ್, ಬರೀ ತಿಂದು ಮಲಗ್ತವೆ” ಎಂದು ನಕ್ಕಿರಿ. ಫಲಿತಾಂಶ ಪಾಸಿಟಿವ್ ಬಂತು.

ವೈದ್ಯರು ಫೋನಿನಲ್ಲಿ ಹೇಳಿದ್ದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

“ಮೇಡಂ, ಇದನ್ನ ನಂಬ್ಕೊಂಡು ಯಾರ ಮೇಲೂ ಹೋಗ್ಬೇಡಿ. ಬೇರೆ ಜಾತಿ ಲಾಡಿಹುಳದ ಮರಿ ಇದ್ರೂ ಕುರಿ ರಕ್ತ ಹೀಗೇ ತೋರಿಸತ್ತೆ. ಅಲ್ದೆ, ಮಗೂಗೆ ಇದು ಮಟನ್ನಿಂದ ಬರಲ್ಲ, ನಾಯಿಯಿಂದ ಬರೋದು. ಗುಳ್ಳೆ ಇರೋ ಹಸಿ ಲಿವರ್ ತಿಂದ ನಾಯಿ ಹೊಟ್ಟೇಲಿ ಹುಳ ಬೆಳೆದು, ಅದರ ಮೊಟ್ಟೆ ಹೇಲಿನಲ್ಲಿ ಹೊರಗೆ ಬರತ್ತೆ. ಅಲ್ಲಿ ನಾಯಿಗಳಿಗೆ ಹಸಿ ಲಿವರ್ ಯಾರು ಹಾಕ್ತಾರೆ, ಅದನ್ನ ವಿಚಾರಿಸಿ.”

ವಿಚಾರಿಸಬೇಕಾಗಿರಲಿಲ್ಲ. ಮಾರಲು ಬಾರದೆಂದು ನೀವು ಎಸೆಯಲಿದ್ದ, ಗುಳ್ಳೆ ಎದ್ದ ಲಿವರುಗಳನ್ನು ಕೇಳಿ ಪಡೆದು, ಬೀದಿನಾಯಿಗಳಿಗೆ ವರ್ಷಗಟ್ಟಲೆ ಹಸಿಯಾಗಿಯೇ ಹಾಕಿದವಳು ನಾನು — ಅದನ್ನು ಕರುಣೆ ಎಂದು ಭಾಷಣಗಳಲ್ಲಿ ಹೇಳಿಕೊಂಡವಳು. ಆ ನಾಯಿಗಳು ಹೇಲುತ್ತಿದ್ದ ಮಣ್ಣಿನಲ್ಲಿಯೇ ಶರಣಮ್ಮನ ಮಗಳು ಆಡುತ್ತಿದ್ದಳು.

ಆದರೂ ಆ ಭಾನುವಾರ, ಅಂಗಡಿ ತುಂಬಿರುವ ಹೊತ್ತು ನೋಡಿ, ನಿಮ್ಮೆದುರು ನಿಂತು ವರದಿಯನ್ನು ಎತ್ತಿ ಹಿಡಿದೆ. “ಮಗು ಸಾಯೋ ಸ್ಥಿತಿಗೆ ಬಂದಿದ್ದು ಇವರ ಕುರಿಗಳಿಂದ!” ಎಂದೆ. “ನನ್ನ ಮಕ್ಳೂ ಇದೇ ಮಟನ್ ತಿನ್ನೋದು ಮೇಡಂ” — ನೀವು ಹೇಳಿದ್ದು ಅಷ್ಟೇ. ಜನ ಆಗಲೇ ಚೀಲ ಮಡಚಿಕೊಂಡು ಹೊರಟಿದ್ದರು. ತಿಂಗಳು ತುಂಬುವುದರೊಳಗೆ ನೀವು ಬಾಗಿಲು ಎಳೆದು, ಕೆಂಗೇರಿಯಲ್ಲಿ ಬೇರೆಯವರ ಅಂಗಡಿಯಲ್ಲಿ ಕತ್ತಿ ಹಿಡಿದಿರಿ.

ತಿಳಿಯದೆ ಮಾಡಿದೆ ಎನ್ನಲಾರೆ. ವೈದ್ಯರ ಫೋನ್ ಬಂದ ಮರುದಿನವೇ ನಾಯಿಗಳಿಗೆ ಹಾಕುವ ಲಿವರನ್ನು ಕುಕ್ಕರಿನಲ್ಲಿ ಬೇಯಿಸತೊಡಗಿದ್ದೆ — ನಿಮ್ಮ ಅಂಗಡಿಯ ಮುಂದೆ ನಿಲ್ಲುವುದಕ್ಕೂ ಮೊದಲು. ನನ್ನ ಕೈಗಳಿಗೆ ಸತ್ಯ ಗೊತ್ತಿತ್ತು. ಬಾಯಿ ಮಾತ್ರ —

ಶರಣಮ್ಮ ಇಂದಿಗೂ ನನ್ನನ್ನು ಕಂಡರೆ ಕೈಮುಗಿಯುತ್ತಾಳೆ, ನಾನು ಕೈಮುಗಿಸಿಕೊಳ್ಳುತ್ತೇನೆ. ನಾಳೆ ಮೊದಲು ಅವಳ ಮನೆಗೆ ಹೋಗಿ ಹೇಳುತ್ತೇನೆ, ಆಮೇಲೆ ಬೀದಿಯಲ್ಲಿ ನಿಂತು, ಕೊನೆಗೆ ನಿಮ್ಮಲ್ಲಿಗೆ ಬಂದು. ಕ್ಷಮೆಯನ್ನು ಮಾತ್ರ ಕೇಳುವುದಿಲ್ಲ, ಶಿವಣ್ಣ. ನಿಮ್ಮನ್ನು ಬಲ್ಲೆ — ಕೇಳಿದರೆ ಕೊಟ್ಟುಬಿಡುತ್ತೀರಿ.