ಬಿದ್ದ ಮನೆಯ ಮುಂದೆ ರೇಷ್ಮೆ ಸೀರೆ

ಮೊನ್ನೆ ಮಾನ್ವಿಯಿಂದ ಒಂದು ಹಳೆಯ ಲಕೋಟೆ ಬಂತು. ಬಿಚ್ಚಿದರೆ ಮುಚ್ಚಿಟ್ಟ ಡಾರ್ಕ್‌ರೂಮಿನ ಹುಳಿ ವಾಸನೆ... ಅದರ ಜೊತೆಗೇ ಅಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರದ ಫೋಟೊ ಸ್ಟುಡಿಯೊ ಕಾಕಾ ನೆನಪಾದರು.

ಕೆಲವು ವರ್ಷಗಳ ಹಿಂದೆ ನಾನು ರಾಯಚೂರಿನಲ್ಲಿ ಕೂತು, ಅಂತರ್ಜಾಲದ ವಿಶ್ವಕೋಶಕ್ಕೆ ನಮ್ಮ ಭಾಗದ ಬಿರುಗಾಳಿಯ ಕುರಿತು ಲೇಖನ ಬರೆಯುತ್ತಿದ್ದೆ. ಪತ್ರಿಕೆಗಳ ಚಿತ್ರ ಮುಟ್ಟುವಂತಿರಲಿಲ್ಲ, ಅವು ಅವರ ಸ್ವತ್ತು. ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟ ಚಿತ್ರವೇ ಬೇಕಿತ್ತು. ದೇವದುರ್ಗದವರೆಗೆ ಅಲೆದು ಬರಿಗೈಯಲ್ಲಿ ಮಾನ್ವಿಗೆ ಬಂದ ನನಗೆ ಕಾಕಾ ತಾವೇ ತೆಗೆದ ಒಂದು ಫೋಟೊ ತೋರಿಸಿದರು. ಮಲ್ಲಟದಲ್ಲಿ ಗಾಳಿಗೆ ಬಿದ್ದ ಮನೆ, ಅದರ ಮುಂದೆ ರೇಷ್ಮೆ ಸೀರೆಯುಟ್ಟು ನಿಂತ ಹೆಂಗಸು. ಪರಿಹಾರ ಕೇಳುವಾಗ ಮನೆಯವರು ಹಾಗೆ ಮುಂದೆ ನಿಂತು ಫೋಟೊ ತೆಗೆಸಬೇಕಿತ್ತಂತೆ.

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. "ತಗೋರಿ" ಅಂದೂ ಬಿಟ್ಟರು. ಆದರೆ ಇದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಮಾರಲೂಬಹುದು ಎಂದು ನಾನು ವಿವರಿಸಿದಾಗ ಚಾಚಿದ ಕೈ ಹಿಂದಕ್ಕೆ ಹೋಯಿತು.

"ಫೋಟೊ ನಂದು ಖರೆ. ನಿಂತಾಕಿ ಆಕಿ ಅದಾಳ. ಕೇಳೂಣು ಬರ್ರಿ."

ಒಳಗೊಳಗೇ ಗೊಣಗುತ್ತ ಅವರ ಸ್ಕೂಟರ್ ಹತ್ತಿದೆ. ಮಲ್ಲಟದ ಆ ಹೆಂಗಸು ಫೋಟೊದಲ್ಲಿನ ಸೀರೆಯ ಮೇಲೆ ಬೆರಳಿಟ್ಟಳು.

"ಪೆಟಗ್ಯಾಗ ತೊಯ್ಲಾರದ ಉಳದದ್ದು ಅದೊಂದ ಸೀರಿ ರೀ, ಉಟಗೊಂಡೆ. ನೋಡಾಕ ಬಂದೋರು ನಕ್ರು, ರೇಷ್ಮಿ ಉಟ್ಟಾಕಿಗಿ ಏನ್ ನಷ್ಟ ಅಂತ. ಇನ್ನ ಲೋಕಕ್ಕೆಲ್ಲ ಯಾಕ ತೋರಸ್ತೀರಿ?"

ಆಕೆಯನ್ನು ಕತ್ತರಿಸಿ ಬಿದ್ದ ಮನೆಯನ್ನಷ್ಟೇ ಉಳಿಸಿಕೊಂಡರೆ? ಮರಳುವ ದಾರಿಯಲ್ಲಿ ಕೇಳಿದೆ. ಕಾಕಾ ಸ್ಕೂಟರ್ ನಿಲ್ಲಿಸಿ ಹಿಂತಿರುಗಿ ನೋಡಿದರು. "ಬ್ಯಾಡ ಅಂದಾಳಲ್ರಿ" ಅಂದರು, ಅಷ್ಟೇ. ನನಗೆ ಸಿಟ್ಟು ಬಂದಿತ್ತು. ರಾಯಚೂರು ಮುಟ್ಟುವವರೆಗೂ ಅದು ಇಳಿಯಲಿಲ್ಲ...

ಕಾಕಾ ತೀರಿಕೊಂಡ ಸುದ್ದಿ ಈ ಲಕೋಟೆಯ ಜೊತೆಗೇ ಬಂತು. ಕಳಿಸಿದವಳು ಅವರ ಮಗಳು, ಒಳಗೆ ಅದೇ ಫೋಟೊ. ಫೋನಿನಲ್ಲಿ ಅಂದಳು: "ಅಪ್ಪನ ಫೋಟೊ ಈಗ ನಮ್ಮವ ಅದಾವಲ್ರಿ, ನಾ ಒಪ್ಪೀನಿ, ಹಾಕ್ರಿ. ಆ ಮಲ್ಲಟದಾಕಿನೂ ಹೋಗ್ಯಾಳ. ಕೇಳೋರು ಯಾರದಾರ?"

ಕಾಯ್ದೆಗೆ ಅಷ್ಟು ಸಾಕು. ಲೇಖನದಲ್ಲಿ ಚಿತ್ರದ ಜಾಗ ಇವತ್ತಿಗೂ ಖಾಲಿ ಇದೆ. ಎರಡು ಸಲ ಕಂಪ್ಯೂಟರ್ ಮುಂದೆ ಕೂತು ಎದ್ದೆ. ಬೇಡ ಎಂದವಳು ಇಲ್ಲ, ಆ ಮಾತು ಕಾಯ್ದವರೂ ಇಲ್ಲ. ಫೋಟೊವನ್ನು ಮತ್ತೆ ಲಕೋಟೆಗೆ ಸೇರಿಸಿದೆ. ಬೇಡ ಎನ್ನಲು ಈಗ ಉಳಿದವನು ನಾನೊಬ್ಬನೇ. ಕಾಕಾ ಇರಬೇಕಿತ್ತು.