ಮೊದಲ ಕರೆಗೆ ಓಗೊಡದ ಅಕ್ಕ

ಮೊನ್ನೆ ಹಿಂದೂಪುರದಲ್ಲಿ, ಹಿಂದೆ ನಾನು ಬಾಡಿಗೆಗಿದ್ದ ನೇಕಾರರ ಬೀದಿಗೆ ಹೋಗಿದ್ದೆ. ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಎದುರುಮನೆ ಅಕ್ಕ ನೆನಪಾದರು.

ಅವರು ಒಂಟಿ, ಮಗ್ಗವೇ ಜೊತೆ. ಮುಸ್ಸಂಜೆಯಲ್ಲಿ ಬಾಗಿಲಿಗೆ ಬಂದು ಯಾರೇ ಕರೆದರೂ ಮೊದಲ ಕರೆಗೆ ಓಗೊಡುತ್ತಿರಲಿಲ್ಲ. ದೆವ್ವ ಒಂದೇ ಸಲ ಕರೆಯುತ್ತದಂತೆ, ಮನುಷ್ಯರಾದರೆ ಎರಡು ಸಲ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ನಗುತ್ತಿದ್ದೆ, ಆದರೂ ಎರಡು ಸಲ ಕರೆಯುತ್ತಿದ್ದೆ.

ಎರಡು ಸಾವಿರದ ದಶಕದ ಕೊನೆ ಇರಬೇಕು... ಅಕ್ಕನಿಗೆ ಕೆಮ್ಮು ಹತ್ತಿತು. ಬೀದಿಯವರೇ ಕ್ಷಯ ಎಂದು ತೀರ್ಪು ಕೊಟ್ಟು, ಅವರ ಹೊಸ್ತಿಲು ತುಳಿಯುವುದನ್ನೇ ಬಿಟ್ಟರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದರು. ಬೀಡಿ ಮುಟ್ಟಿದ ಜೀವವಲ್ಲ ಅದು!

“ಅಂಟೋ ರೋಗ ಅಲ್ಲ ಅಂತ ನೀನಾದ್ರೂ ಯೋಳಮ್ಮ. ಯಾರಾನ ಬಾಗ್ಲಿಗೆ ಬರ್ಲಿ” ಎಂದರು ಅಕ್ಕ. ಅವರಿಗೆ ಬೇಕಿದ್ದದ್ದು ಅಷ್ಟೇ. ಮನೆಮನೆಗೂ ಹೋಗಿ ಹೇಳಿದೆ. ತಲೆಯಾಡಿಸಿದರು, ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಅಕ್ಕನಿಗೂ ಬಿಡಿಸಿ ಹೇಳಿದೆ. ಜೀವಕೋಶದ ಮೈಮೇಲೆ ಕಿವಿಗಳಂತೆ ಗ್ರಾಹಕಗಳಿರುತ್ತವೆ. ಹೊರಗಿನಿಂದ ‘ಬೆಳೆ’ ಎಂಬ ಕರೆ ಬಂದಾಗಷ್ಟೇ ಅವು ಒಳಗೆ ಸುದ್ದಿ ಮುಟ್ಟಿಸಬೇಕು. ನಿಮ್ಮವು ಕೆಟ್ಟಿವೆ, ಕರೆ ಬರದಿದ್ದರೂ ಮುಟ್ಟಿಸುತ್ತಲೇ ಇವೆ, ಅದಕ್ಕೇ ಗಡ್ಡೆ ಬೆಳೆಯುತ್ತಿದೆ. ಆಸ್ಪತ್ರೆಯವರು ಕೊಟ್ಟ ಈ ಮಾತ್ರೆ ಅವುಗಳ ಬಾಯಿ ಮುಚ್ಚಿಸುತ್ತದೆ.

ಅಕ್ಕ ಮಾತ್ರೆಯನ್ನು ಅಂಗೈಯಲ್ಲಿಟ್ಟು ನೋಡಿದರು. “ಯಾರೂ ಕರೀದೇನೇ ಓ ಅಂತೈತಾ? ಪಾಪಂ, ಅದೂ ಒಂಟಿಯಾಗೈತೆ ಕಣಮ್ಮ.”

ಮಾತ್ರೆ ಒಂದಷ್ಟು ಕಾಲ ಕೆಲಸ ಮಾಡಿತು. ಮಗ್ಗದ ಸದ್ದು ಮತ್ತೆ ಕೇಳಿತು. ಆಮೇಲೆ ಗ್ರಾಹಕಗಳು ಇನ್ನೊಮ್ಮೆ ಬದಲಾದವು, ಮಾತ್ರೆಗೆ ಬಗ್ಗಲಿಲ್ಲ... ಕಲ್ಯಾಣದುರ್ಗದಿಂದ ಅವರ ತಮ್ಮ ಬಂದು ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋದ.

ನೋಡಲು ಹೋದೆ. ಅಲ್ಲಿಯೂ ಹಿತ್ತಿಲ ಕೋಣೆ, ಬೇರೆ ತಟ್ಟೆ, ಬೇರೆ ಲೋಟ. ಮುಸ್ಸಂಜೆಯಾಗಿತ್ತು. ಹೊರಗೆ ಚಪ್ಪಲಿ ಬಿಡುತ್ತಿದ್ದೆ, ಇನ್ನೂ ಬಾಯಿ ತೆರೆದಿರಲಿಲ್ಲ.

“ಓ... ಇದೀನಿ, ಇದೀನಿ, ಬಾ” ಎಂದರು ಒಳಗಿನಿಂದ. ಬಂದದ್ದು ಯಾರೆಂದೂ ಅವರಿಗೆ ಗೊತ್ತಿರಲಿಲ್ಲ.

ಅದೇ ತಿಂಗಳು ಅಕ್ಕ ತೀರಿಕೊಂಡರು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಮೊನ್ನೆ ಆ ಬಾಗಿಲ ಮುಂದೆ ನಿಂತು ಮೆಲ್ಲಗೆ “ಅಕ್ಕಾ” ಎಂದೆ. ಎರಡನೆಯ ಸಲ ಕರೆಯಲು ಧೈರ್ಯ ಬರಲಿಲ್ಲ.